ಸಾಂಬ್ರಾದಿಂದ ಸಂಖದ ಮೇಲೆ

ಬೆಳಗಾವಿಯ ಸಾಂಬ್ರಾ ರನ್‌ವೇ ಇರುವುದೇ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿ. ಏಪ್ರಿಲ್ ಬಿಸಿಲಿಗೆ ಗಾಳಿ ಇನ್ನಷ್ಟು ತೆಳುವಾಗಿ, ಎಂಜಿನ್ ಪಾಲಿಗೆ ಅದು ಐದು ಸಾವಿರ ಅಡಿ ದಾಟಿದ ಲೆಕ್ಕ. ನಾನು ಮೊದಲು ಕಲಿತ ಎರಡು ಸೀಟಿನ ಸೆಸ್ನಾ 152ರದ್ದು 110 ಅಶ್ವಶಕ್ತಿ. ಇಂಥ ಮಧ್ಯಾಹ್ನ ಏದುಸಿರು ಬಿಡುತ್ತಲೇ ಏರುತ್ತಿತ್ತು. ಈಗ ಕೈಗೆ ಬಂದಿರುವುದು ನಾಲ್ಕು ಸೀಟಿನ 172, 180 ಅಶ್ವಶಕ್ತಿ.

ಥ್ರಾಟಲ್ ಪೂರ್ತಿ ಒತ್ತಿದ್ದೇ ತಡ, ಮೂತಿ ಎಡಕ್ಕೆ ಎಳೆಯಿತು. "ರೈಟ್ ರಡ್ಡರ್! ರೈಟ್ ರಡ್ಡರ್!" ಎಂದರು ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್. ಪ್ರೊಪೆಲರ್ ತಳ್ಳಿದ ಗಾಳಿ ಸುರುಳಿ ಸುತ್ತಿಕೊಂಡು ಹೋಗಿ ಬಾಲದ ಎಡಮಗ್ಗುಲಿಗೆ ಬಡಿಯುತ್ತದೆ. ಎಂಜಿನ್ ದೊಡ್ಡದಾದಷ್ಟೂ ಈ ಹಟ ಜಾಸ್ತಿ. ಬಲಗಾಲನ್ನು ಪೆಡಲ್ ಮೇಲೆ ಒತ್ತಿ ಹಿಡಿದೇ ನೆಲ ಬಿಟ್ಟೆ.

ಸೊಲ್ಲಾಪುರಕ್ಕೆ ಗೆರೆ ಎಳೆದರೆ ಗೋಕಾಕ, ಕೃಷ್ಣೆಯ ಹಿಪ್ಪರಗಿ ಬ್ಯಾರೇಜ್, ಆಮೇಲೆ ನಮ್ಮ ಜತ್ತ ತಾಲ್ಲೂಕಿನ ಮೂಡಣ ಭಾಗ ಸಿಗುತ್ತವೆ. ಗಂಟೆಗೆ ಇನ್ನೂರು ಕಿಲೋಮೀಟರ್ ವೇಗ. ಗೋಕಾಕ ಕಂಡಾಗಲೇ ಕೃಷ್ಣೆ ದಾಟುವ ಸಮಯ ಬರೆದುಕೊಂಡಿರಬೇಕು. ನೋಡಿ ಆಮೇಲೆ ಯೋಚಿಸೋಣ ಎಂದರೆ ಊರು ಬಾಲದ ಹಿಂದೆ ಇರುತ್ತದೆ.

ಆ ತಾಲ್ಲೂಕಿನ ಸಂಖದ ಹತ್ತಿರ ನಮ್ಮ ಕಾಕಾ ಮಾಡಗ್ಯಾಳ ಕುರಿ ಸಾಕಿದ್ದಾರೆ. ಎತ್ತರದ ನಿಲುವು, ಬಾಗಿದ ಮೂಗಿನ ತಳಿ, ಬೆಲೆಯೂ ಹಾಗೇ. "ನಮ್ಮ ಮ್ಯಾಲೆ ಬರೂ ದಿವ್ಸ ಹೇಳ ತಮ್ಮಾ, ಕುರಿ ಬೆದರ್ತಾವ" ಎಂದು ಫೋನಿನಲ್ಲಿ ಹೇಳಿದ್ದರು. 5,500 ಅಡಿಯಲ್ಲಿ ಹೋಗುವ ನಮ್ಮ ಸದ್ದು ಅವಕ್ಕೆ ಕೇಳಿಸಿದರೆ ಹೆಚ್ಚು!

ಬೆದರಿದವನು ನಾನೇ. ಬೋಳು ಮಡ್ಡಿಯಿಂದೆದ್ದ ಬಿಸಿಗಾಳಿ ವಿಮಾನವನ್ನು ಎತ್ತಿ ಎತ್ತಿ ಹಾಕಿತು. ಎತ್ತಿತೆಂದು ಮೂತಿ ಒತ್ತಿದರೆ ವೇಗದ ಮುಳ್ಳು ಓಡುತ್ತದೆ. "ಜಗಳ ಬೇಡ, ಟ್ರಿಮ್ ಮಾಡು, ಕೈ ಸಡಿಲ ಬಿಡು" ಎಂದರು ಸರ್. ಬಿಟ್ಟೆ, ತೂಕದ ವಿಮಾನ ತಾನಾಗಿ ಸಮಕ್ಕೆ ಬಂತು. ಆಗಲೇ ಕೆಳಗೆ ನೋಡಲು ಪುರಸೊತ್ತಾಗಿದ್ದು: ಒಣಗಿದ ಹಳ್ಳ, ದ್ರಾಕ್ಷಿ ತೋಟದ ಸಾಲು, ಒಣದ್ರಾಕ್ಷಿ ಶೆಡ್‌ಗಳ ಹಸಿರು ಬಲೆ. ಎಡಕ್ಕೆ ಎಲ್ಲೋ ಗುಡ್ಡಾಪುರದ ದಾನಮ್ಮನ ಗುಡಿ. ಬಸ್ಸಿನಲ್ಲಿ ಅರ್ಧ ದಿನ ತಿನ್ನುವ ತಾಲ್ಲೂಕು ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿಯಿತು.

ಉಮದಿ ದಾಟುತ್ತಲೇ ಇಳಿಯುವ ತಯಾರಿ. ಸೊಲ್ಲಾಪುರದಲ್ಲಿ ವಿಮಾನಗಳ ದಾರಿಗೆ ಅಡ್ಡವಾಗಿದ್ದ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು 2023ರ ಜೂನ್‌ನಲ್ಲಿ ಕೆಡವಿದ್ದಾರೆ. "ಅದಿಲ್ಲ ಅಂತ ಮೈಮರೀಬೇಡ, ಮೊದಲು ಪವರ್ ಇಳಿಸು" ಎಂದರು ಸರ್. ಥ್ರಾಟಲ್ ಹಿಂದಕ್ಕೆಳೆದೆ.