ಗಾಳಿ ಬರುವ ದಾರಿ

ಉಸಿರಿನ ವಿಚಾರದಲ್ಲಿ ನಮ್ಮವರು ಮೊದಲಿನಿಂದಲೂ ಬಹಳ ಎಚ್ಚರ. ಬೆಳಗ್ಗೆ ಎದ್ದು ಮೂಗು ಹಿಡಿದು ಪ್ರಾಣಾಯಾಮ ಮಾಡುವವರು, ರಾತ್ರಿ ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಎಂದು ಹೆಂಡತಿಯೊಡನೆ ವಾದಕ್ಕಿಳಿಯುವವರು, ಎಲ್ಲರೂ ಗಾಳಿಯ ಗುಣದೋಷಗಳನ್ನು ಬಲ್ಲವರೇ. ಆದರೆ ಮನೆಯ ಮುಂದೆ ನಿಂತಿರುವ ಕಾರೂ ಉಸಿರಾಡುತ್ತದೆ, ಅದಕ್ಕೂ ಒಂದು ಮೂಗುಂಟು, ಆ ಮೂಗನ್ನು ಬದಲಾಯಿಸಿಕೊಡುವ ಅಂಗಡಿಗಳೂ ಉಂಟು ಎಂಬುದು ನನಗೆ ತಿಳಿದದ್ದು ಈಚೆಗೆ. ತಿಳಿಸಿದವನು ನನ್ನ ಸೋದರಳಿಯ.

ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ತಾಯಿ, ಎಂದರೆ ನನ್ನ ಅಕ್ಕ, ಪುತ್ತೂರಿನ ಬಳಿಯ ತೋಟದ ಮನೆಯಲ್ಲಿದ್ದಾಳೆ. ಭಾವನವರು ತೀರಿಕೊಂಡ ಮೇಲೆ ಅವರ ಕಾರು ಇವನ ಪಾಲಿಗೆ ಬಂದಿದೆ. ಹನ್ನೆರಡು ವರ್ಷದ ಪೆಟ್ರೋಲು ಕಾರು, ಭಾವನವರಂತೆಯೇ ಮೆಲುದನಿಯದು. ತಿಂಗಳಿಗೆರಡು ಸಲ ಅದರಲ್ಲಿ ಶಿರಾಡಿ ಘಾಟಿ ಇಳಿದು ತಾಯಿಯನ್ನು ನೋಡಿಬರುತ್ತಾನೆ. ಒಂದು ದಿನ ನನ್ನ ಮುಂದೆ ಮೂರು ಚಿತ್ರಗಳನ್ನು ಹರಡಿ, “ಮಾವ, ಇವುಗಳಲ್ಲಿ ಯಾವುದು ಹಾಕಿಸಲಿ?” ಎಂದ. ಹಳಗನ್ನಡದ ಮೇಷ್ಟ್ರನ್ನು ಕೇಳುವ ಪ್ರಶ್ನೆಯಲ್ಲ. ಆದರೂ ಅವನ ಎರಡು ತಿಂಗಳ ಉಳಿತಾಯದ ಮಾತು. ತಂದೆಯಿಲ್ಲದ ಹುಡುಗ ಕೇಳಿದಾಗ ‘ನನಗೆ ತಿಳಿಯದಪ್ಪ’ ಎಂದು ಜಾರಿಕೊಳ್ಳಲು ಮನಸ್ಸು ಬರಲಿಲ್ಲ. ತಿದ್ದಬೇಕಾಗಿದ್ದ ಉತ್ತರಪತ್ರಿಕೆಗಳನ್ನು ಪಕ್ಕಕ್ಕಿಟ್ಟು ಆ ವಿಷಯವನ್ನು ಓದಿದೆ. ಪರಿಚಯದ ಮೆಕ್ಯಾನಿಕ್ಕನನ್ನೂ ಕೇಳಿದೆ.

ಒಂದು ಲೀಟರು ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 11 ಕಿಲೋಗ್ರಾಂ ಗಾಳಿ ಬೇಕು. ಅಳತೆಯಲ್ಲಿ ಅದು 9,000 ಲೀಟರಿಗೆ ಸಮೀಪ. ನಾವು ದುಡ್ಡು ತೆರುವುದು ಪೆಟ್ರೋಲಿಗೆ, ಎಂಜಿನು ಹೊಟ್ಟೆ ತುಂಬ ಸೇವಿಸುವುದು ಗಾಳಿಯನ್ನು. ಈ ಗಾಳಿ ತಣ್ಣಗಿದ್ದಷ್ಟೂ ದಟ್ಟವಾಗಿರುತ್ತದೆ. 30 ಡಿಗ್ರಿಯ ಗಾಳಿ 60 ಡಿಗ್ರಿಗೆ ಕಾದರೆ ಅದೇ ಕೊಡದಲ್ಲಿ ಶೇಕಡಾ 9ರಷ್ಟು ಕಡಿಮೆ ಹಿಡಿಯುತ್ತದೆ. ಇಷ್ಟು ತಿಳಿದರೆ ಚಿತ್ರಗಳನ್ನು ನೋಡಲು ಕಣ್ಣು ಬಂದಂತೆ.

ಮೊದಲನೆಯದಕ್ಕೆ ‘ಶಾರ್ಟ್ ರ್ಯಾಮ್’ ಎಂದು ಹೆಸರು. ಕಾರಿನೊಡನೆ ಬಂದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ತೆಗೆದುಹಾಕಿ, ಗಿಡ್ಡ ಕೊಳವೆಯ ತುದಿಗೆ ಶಂಕುವಿನಾಕಾರದ ಫಿಲ್ಟರು ಸಿಕ್ಕಿಸಿ ಬಾನೆಟ್ಟಿನ ಒಳಗೇ ಬಿಡುತ್ತಾರೆ. ದಾರಿ ಹತ್ತಿರ, ತಡೆ ಕಡಿಮೆ, ಕೂಡಿಸುವುದೂ ಸುಲಭ. ಆದರೆ ಅದು ಹೀರುವುದು ಎಂಜಿನು ಕಾಯಿಸಿದ ಗಾಳಿಯನ್ನೇ. ಬೆಂಗಳೂರಿನ ಸಿಗ್ನಲಿನಲ್ಲಿ ನಿಂತಾಗಲಂತೂ ಉರಿಯುವ ಒಲೆಯ ಮುಂದೆ ಕುಳಿತು ಪ್ರಾಣಾಯಾಮ ಮಾಡಿದಂತೆ!

ಎರಡನೆಯದು ‘ಕೋಲ್ಡ್ ಏರ್ ಇಂಟೇಕ್’. ಇಲ್ಲಿ ಕೊಳವೆ ಉದ್ದ. ಫಿಲ್ಟರು ಕೆಳಗೆ, ಬಂಪರಿನ ಹಿಂದೆ ಇರುತ್ತದೆ. ಹೊರಗಿನ ತಣ್ಣನೆಯ ಗಾಳಿ ಸಿಕ್ಕುತ್ತದೆ, ತತ್ವದಲ್ಲಿ ದೋಷವಿಲ್ಲ. ದೋಷವಿರುವುದು ನಮ್ಮ ರಸ್ತೆಗಳಲ್ಲಿ. ಅಕ್ಕನ ಮನೆಯ ದಾರಿಯಲ್ಲೊಂದು ಮುಳುಗು ಸೇತುವೆಯಿದೆ. ಮಳೆ ಹಿಡಿದರೆ ಅದರ ಮೇಲೆ ನೀರು ನಿಲ್ಲುತ್ತದೆ. ಕೆಳಗಿರುವ ಫಿಲ್ಟರು ಮುಳುಗಿದರೆ ಎಂಜಿನು ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಜಗ್ಗುವುದಿಲ್ಲ. ಮೇಲೇರುತ್ತಿದ್ದ ಪಿಸ್ಟನ್ನು ತಟಕ್ಕನೆ ನಿಲ್ಲುತ್ತದೆ. ಅದನ್ನು ಹಿಡಿದ ಕನೆಕ್ಟಿಂಗ್ ರಾಡು ಬಾಗುತ್ತದೆ. ಹನ್ನೆರಡು ವರ್ಷದ ಕಾರಿಗೆ ಅಂಥ ರಿಪೇರಿ ಮಾಡಿಸುವವರು ಕಡಿಮೆ.

ಮೂರನೆಯದು ಸಂಧಾನದ ಮಾರ್ಗ. ಪೆಟ್ಟಿಗೆ ಹಾಗೆಯೇ ಇರಲಿ, ಒಳಗಿನ ಕಾಗದದ ಫಿಲ್ಟರಿಗೆ ಬದಲು ಎಣ್ಣೆ ಸವರಿದ ಹತ್ತಿಯ ಫಿಲ್ಟರು. ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಮತ್ತೆ ಮತ್ತೆ ಬಳಸಬಹುದು. ಎಣ್ಣೆ ಹೆಚ್ಚಾದರೆ, ಕೆಲವು ಕಾರುಗಳಲ್ಲಿ ಗಾಳಿಯನ್ನು ಅಳೆಯುವ ಬಿಸಿ ತಂತಿಯ ಮೇಲೆ ಅದು ಕುಳಿತು ಲೆಕ್ಕ ತಪ್ಪುತ್ತದೆ. ಕಡಿಮೆಯಾದರೆ ದೂಳು ನುಸುಳಿ ಸಿಲಿಂಡರಿನ ಗೋಡೆಯನ್ನು ಉಪ್ಪುಕಾಗದದಂತೆ ಉಜ್ಜುತ್ತದೆ.

ಚಿತ್ರದಲ್ಲಿಲ್ಲದ ನಾಲ್ಕನೆಯದನ್ನು ತೋರಿಸಿದವನು ಮೆಕ್ಯಾನಿಕ್ಕು. ಬಾನೆಟ್ಟು ಎತ್ತಿ, “ನೋಡಿ ಸಾರ್, ಪೆಟ್ಟಿಗೆಯ ಬಾಯಿ ಎಲ್ಲಿದೆ?” ಎಂದ. ಅದು ಇದ್ದದ್ದು ಮುಂದಿನ ಜಾಲರಿಯ ಹಿಂದೆ, ಹೊರಗಾಳಿಗೆ ಎದುರಾಗಿ, ನೀರಿಗೆ ಎಟುಕದ ಎತ್ತರದಲ್ಲಿ. ಕಾರು ಮಾಡಿದವರೇ ತಣ್ಣನೆಯ ಗಾಳಿಗೆ ಏರ್ಪಾಡು ಮಾಡಿದ್ದರು. ಕಾಗದದ ಫಿಲ್ಟರಿಗೆ ಇನ್ನೊಂದು ಗುಣವಿದೆ: ತೆಳ್ಳಗೆ ದೂಳು ಕುಳಿತಾಗ ಅದು ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಪೂರ್ತಿ ಕಟ್ಟಿಕೊಂಡಾಗ ಬದಲಾಯಿಸಿದರಾಯಿತು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಪರೀಕ್ಷಿಸಿ, ಈ ಕಾಲದ ಫ್ಯುಯಲ್ ಇಂಜೆಕ್ಷನ್ ಕಾರುಗಳಲ್ಲಿ ಫಿಲ್ಟರು ಕಟ್ಟಿಕೊಂಡರೆ ಮೈಲೇಜು ಅಷ್ಟಾಗಿ ಇಳಿಯುವುದಿಲ್ಲ, ವೇಗ ಹಿಡಿಯುವ ಚುರುಕು ಮಾತ್ರ ತಗ್ಗುತ್ತದೆ ಎಂದು ಕಂಡುಕೊಂಡರು. ಇನ್ನು ಶಕ್ತಿಯ ಮಾತು. ಪುತ್ತೂರಿನಿಂದ ಬೆಂಗಳೂರಿಗೆ ಏರಿಬರುವಷ್ಟರಲ್ಲಿ ಗಾಳಿಯ ಒತ್ತಡವೇ ಹತ್ತಿರ ಹತ್ತಿರ ಶೇಕಡಾ 10 ಇಳಿದಿರುತ್ತದೆ. ಘಾಟಿ ಕಸಿದುಕೊಂಡದ್ದನ್ನು ಕೊಳವೆ ತುಂಬಿಕೊಡಲಾರದು.

ಇದನ್ನೆಲ್ಲ ಅಳಿಯನಿಗೆ ಪಾಠದಂತೆ ಒಪ್ಪಿಸಿದೆ. ತಾಳ್ಮೆಯಿಂದ ಕೇಳಿ ಅವನು ಹೇಳಿದ: “ಅದೆಲ್ಲ ಗೊತ್ತು ಮಾವ. ನನಗೆ ಬೇಕಾದ್ದು ಆ ಸದ್ದು. ಶಾರ್ಟ್ ರ್ಯಾಮ್ ಹಾಕಿದರೆ ಗಾಡಿ ಗುರ್ ಎನ್ನುತ್ತದೆ. ಈಗ ಎಷ್ಟು ದಿನ ಓಡಿಸಿದರೂ ಅಪ್ಪನ ಕಾರು ಎರವಲು ತಂದ ಹಾಗೇ ಇದೆ.”

ನಿಜ, ಪೆಟ್ಟಿಗೆಗೆ ಸೋಸುವುದರ ಜೊತೆಗೆ ಸದ್ದು ಅಡಗಿಸುವ ಕೆಲಸವೂ ಉಂಟು. ಅದನ್ನು ತೆಗೆದರೆ ಎಂಜಿನು ಉಸಿರೆಳೆಯುವುದು ಕಿವಿಗೆ ಕೇಳುತ್ತದೆ. ಹುಡುಗನ ಮಾತಿಗೆ ನಗಲು ನನ್ನಿಂದಾಗಲಿಲ್ಲ. ಹರಿಹರ ರಗಳೆಯಲ್ಲಿ ಬರೆದ. ಅವನ ಸೋದರಳಿಯ ರಾಘವಾಂಕ ಮಾವನ ದಾರಿ ಬಿಟ್ಟು ಷಟ್ಪದಿ ಹಿಡಿದ. ಅದನ್ನು ತರಗತಿಯಲ್ಲಿ ಮೆಚ್ಚಿ ಹೇಳುವವನು ಮನೆಯಲ್ಲಿ, ‘ನಿನಗೇಕೆ ಬೇರೆ ದನಿ?’ ಎನ್ನುವುದು ಹೇಗೆ? “ಕಾರು ನಿನ್ನದು, ತೀರ್ಮಾನವೂ ನಿನ್ನದೇ. ಆದರೆ ಆ ಟೈರುಗಳನ್ನೂ ಒಮ್ಮೆ ನೋಡು” ಎಂದಷ್ಟೇ ಹೇಳಿದೆ. ಟೈರುಗಳು ನನ್ನ ತಲೆಯ ಹಾಗೆ ನುಣ್ಣಗಾಗಿದ್ದವು.

ಅವನು ಒಂದು ವಾರ ಯೋಚಿಸಿದ. ಹೊಸ ಕಾಗದದ ಫಿಲ್ಟರು ಹಾಕಿಸಿದ. ಬಿರುಕು ಬಿಟ್ಟಿದ್ದ ರಬ್ಬರು ಕೊಳವೆಯನ್ನು ಬದಲಾಯಿಸಿದ. ಮಿಕ್ಕ ಹಣವೆಲ್ಲ ನಾಲ್ಕು ಟೈರುಗಳಿಗೆ ಹೋಯಿತು. ಸದ್ದಿನ ಮಾತನ್ನು ಮಾತ್ರ ಬಿಟ್ಟಿಲ್ಲ. ಮುಂದೆ ತನ್ನ ದುಡ್ಡಿನಲ್ಲಿ ಕಾರು ಕೊಂಡಾಗ ನೋಡೋಣ ಎಂದಿದ್ದಾನೆ. ಆಗ ಹಾಕಿಸಲಿ, ನನ್ನ ಅಡ್ಡಿಯಿಲ್ಲ.

ಹೋದ ವಾರ ಅಕ್ಕ ಫೋನು ಮಾಡಿದ್ದಳು. “ಮಗ ಬಂದು ಹೋದ ಕಣೋ. ಗೇಟಿನ ಹತ್ತಿರ ಬರುವವರೆಗೂ ಕಾರಿನ ಸದ್ದೇ ಕೇಳಿಸಲಿಲ್ಲ. ನಿನ್ನ ಭಾವ ಬಂದ ಹಾಗೇ ಅನ್ನಿಸಿತು” ಎಂದಳು. ಈ ಮಾತನ್ನು ನಾನು ಅವನಿಗೆ ಇನ್ನೂ ಹೇಳಿಲ್ಲ.