ಒಂದೇ ವಿಳಾಸದ ಎರಡು ಕಾಗದಗಳು

ನಾವು ಪುಣೆಗೆ ಬಂದು ಕಾರಕೂನಿಕೆಗೆ ಕುಳಿತಂದಿನಿಂದ ಊರ ಕಡೆಯ ಜನರಿಗೆ ನಮ್ಮ ಮನೆ ಧರ್ಮಶಾಲೆಯೇ ಆಗಿದೆ. ಆಸ್ಪತ್ರೆಗೆ ಬಂದವರು, ಮಗನಿಗೆ ಕಾಲೇಜು ಹುಡುಕಿಕೊಂಡು ಬಂದವರು, ಆಳಂದಿಯ ಯಾತ್ರೆಗೆ ಬಂದವರು, ಎಲ್ಲರೂ ನಮ್ಮ ಬಾಗಿಲು ತಟ್ಟುವವರೇ. ಕನ್ನಡ ಮಾತು ಕಿವಿಗೆ ಬಿದ್ದರೆ ಸಾಕೆಂದು ನಾವೂ ಚಹಕ್ಕೆ ನೀರಿಡುತ್ತೇವೆ. ಆದರೆ 2018ರ ಒಂದು ಮಧ್ಯಾಹ್ನ ಬಂದ ಅತಿಥಿ ಯೆರವಡಾ ಸೆರೆಮನೆಯಿಂದ ನೇರವಾಗಿ ಬಂದಿದ್ದನು.

ಯೆರವಡಾ ಎಂದರೆ ನಮ್ಮಂಥವರಿಗೆ 1932ರಲ್ಲಿ ಗಾಂಧೀಜಿಯವರು ಉಪವಾಸ ಕುಳಿತ ಸ್ಥಳ, ಪುಣೆ ಒಪ್ಪಂದದ ಸ್ಥಳ. ಅಲ್ಲಿಯ ಕೈದಿಗಳು ಮಾಡಿದ ಮೇಜು-ಕುರ್ಚಿಗಳು ಸರಕಾರಿ ಕಚೇರಿಗಳಿಗೆ ಬರುತ್ತವೆ. ನಾವು ಕುಳಿತು ಬರೆಯುವ ಕುರ್ಚಿಯೂ ಅಲ್ಲಿಯದೇ. ಅದನ್ನು ಮಾಡಿದ ಕೈ ಹೇಗಿದ್ದೀತೆಂದು ಒಂದು ದಿನವೂ ಯೋಚಿಸಿದವರಲ್ಲ.

ಬಂದವನು ಅಕ್ಕಲಕೋಟೆ ತಾಲೂಕಿನವನು, ನಮ್ಮ ತಾಯಿಯ ತವರೂರಿನವನು. ಮಹಾರಾಷ್ಟ್ರದ ಆ ಸೀಮೆಯಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ, ಕೋರ್ಟಿನ ಮಾತು ಮರಾಠಿ. ಹೊಲದ ಬದುವಿನ ಜಗಳದಲ್ಲಿ ಒಬ್ಬನ ತಲೆಗೆ ಏಟು ಬಿದ್ದು ಪ್ರಾಣ ಹೋಯಿತು, ಇವನಿಗೆ ಜೀವಾವಧಿಯಾಯಿತು. ಕೊಲೆಯ ಅಪರಾಧಕ್ಕೆ ಜೀವಾವಧಿಯಾದವನು ಕಡಿಮೆಯೆಂದರೆ 14 ವರ್ಷ ಒಳಗೆ ಕಳೆಯಬೇಕೆಂದು 1978ರಲ್ಲಿ ಕಾಯಿದೆ ಬಂದಿತು. ಅಷ್ಟನ್ನೂ ಕಳೆದೇ ಬಂದಿದ್ದನು. ಅವನ ಮಾತು ನಂಬುವುದಾದರೆ, ಅಂದು ಜೊತೆಗೆ ನಿಂತು ಬಡಿದವನು ದಾಯಾದಿ ಅಣ್ಣ. ಕೋರ್ಟಿನಲ್ಲಿ ಸಾಕ್ಷಿ ನುಡಿದವನೂ ಅವನೇ. ನಿಜವೆಷ್ಟೋ ನಾವರಿಯೆವು.

ಸೆರೆಗೆ ಹೋದಾಗ ಅವನ ಮಗಳಿಗೆ 3 ವರ್ಷ. ಮರುವರ್ಷವೇ ಹೆಂಡತಿ ತೀರಿಕೊಂಡಳು. ತಬ್ಬಲಿ ಕೂಸನ್ನು ಎತ್ತಿಕೊಂಡು ಹೋಗಿ ಸಾಕಿದವರು ಯಾರೆನ್ನುತ್ತೀರಿ? ಆ ದಾಯಾದಿ ಅಣ್ಣನೂ ಅವನ ಹೆಂಡತಿಯೂ!

ನಮ್ಮಾಕೆ ನಮ್ಮನ್ನು ಒಳಗೆ ಕರೆದು, "ಮನೆಯಲ್ಲಿ ಸಣ್ಣ ಮಗುವಿದೆ" ಎಂದಷ್ಟೇ ಅಂದಳು. ಹೇಳಲು ನಾಚಿಕೆಯಾಗುತ್ತದೆ, ನಾವು ಈಳಿಗೆಮಣೆಯನ್ನು ಅಟ್ಟದ ಮೇಲಿಟ್ಟೆವು. ಅವನೋ ಊಟ ಮಾಡಿ ಗೋಡೆಗೆ ಆತು ಕುಳಿತವನು ಮಲಗಲೇ ಇಲ್ಲ. ಏಕೆಂದು ಕೇಳಿದರೆ, "ಹೊರಗಿಂದ ಕೀಲಿ ಹಾಕೂದಿಲ್ಲೇನ್ರಿ?" ಎಂದನು.

ರಾತ್ರಿ ಅವನು ಎರಡು ಕಾಗದ ಬರೆದುಕೊಡಲು ಕೇಳಿದನು. ಫೋನು ಮಾಡಬಾರದೇ ಎಂದೆವು. "ಫೋನಿನ್ಯಾಗ ದನಿ ನಡುಗತೈತ್ರಿ" ಎಂದನು.

ಮೊದಲನೆಯದು ಅಣ್ಣನಿಗೆ. ಮೂರೇ ಸಾಲು: ಲೆಕ್ಕ ಉಳಿದಿದೆ, ಅಮಾವಾಸ್ಯೆಯೊಳಗೆ ಬರುತ್ತೇನೆ, ಹೊಲದಲ್ಲಿ ಒಬ್ಬನೇ ಸಿಗು. ದಿನವೆಲ್ಲ "ತಮ್ಮ ವಿಧೇಯ" ಎಂದು ಬರೆಯುವ ಕೈ ನಮ್ಮದು. ಆ ಮೂರು ಸಾಲಿಗೆ ಬೆವತಿತು. ಬರೆಯಲಾರೆವೆನ್ನುವ ಧೈರ್ಯವೂ ನಮಗಾಗಲಿಲ್ಲ. ಎರಡನೆಯದು ಮಗಳಿಗೆ, ಅದು ಮುಗಿಯಲೇ ಒಲ್ಲದು. ಬಸ್ಸಿನ ಬಾಗಿಲಲ್ಲಿ ನಿಲ್ಲಬೇಡ. ಒಲೆಯ ಬಳಿ ಸುಟ್ಟುಕೊಂಡಿದ್ದ ಬಲಗಾಲಿನ ಕಲೆ ಇದೆಯೋ, ಮಾಯಿತೋ. ಬಡಗಿ ಕೆಲಸದ ಕೂಲಿ ಕೂಡಿಟ್ಟಿದ್ದೇನೆ, ಎಲ್ಲವೂ ನಿನ್ನದೇ. ಮೂರು ವರ್ಷದ ಕೂಸಿಗೆ ಹೇಳುವ ಮಾತನ್ನೂ ಹದಿನೆಂಟರ ಹುಡುಗಿಗೆ ಹೇಳುವ ಮಾತನ್ನೂ ಕೂಡಿಸಿ ಹೇಳಿದನು.

ವಿಳಾಸ ಬರೆಯುವಾಗ ನೋಡುತ್ತೇವೆ, ಎರಡಕ್ಕೂ ಒಂದೇ ಮನೆ. ಒಂದೇ ಲಕೋಟೆಯಲ್ಲಿಟ್ಟರೆ ಒಂದೇ ಅಂಚೆಚೀಟಿ ಸಾಕೆಂದು ನಮ್ಮ ಗುಮಾಸ್ತೆ ಬುದ್ಧಿಗೆ ಹೊಳೆಯಿತು. ಆಗಲೇ ಇನ್ನೊಂದು ಹೊಳೆದು ಕೇಳಿದೆವು:

"ನಿಮ್ಮಣ್ಣನಿಗೆ ಓದು ಬರುತ್ತದೆಯೇ?"

"ಇಲ್ರಿ. ಅಂವಗ ಹೆಬ್ಬಟ್ಟು."

"ಹಾಗಾದರೆ ಈ ಕಾಗದವನ್ನು ಅವನಿಗೆ ಯಾರು ಓದಿ ಹೇಳುತ್ತಾರೆ?"

ಹುಡುಗಿ ಕನ್ನಡ ಶಾಲೆಯಲ್ಲಿ ಕಲಿತವಳು. ಸೆರೆಮನೆಯಿಂದ ಹೋದ ಪತ್ರಗಳನ್ನೆಲ್ಲ ಆ ಮನೆಯಲ್ಲಿ ಓದಿದವಳು ಅವಳೇ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದನು: "ಅಂವನ್ನ ಕಡದ್ರ ಅಕಿ ಎರಡನೇ ಸಲ ತಬ್ಬಲಿ ಆಗ್ತಾಳ್ರಿ. ಬಿಟ್ರ ನನ್ನ ಹದಿನಾಕು ವರ್ಷ ಯಾರ ಲೆಕ್ಕಕ್ಕ ಬರೀತೀರಿ? ನೀವು ಲೆಕ್ಕ ಬರಿಯೋ ಮಂದಿ, ಹೇಳ್ರಿ."

ನಾವು ಬಿ.ಎ. ಓದಿದವರು, ಉತ್ತರ ಬರಲಿಲ್ಲ. ಆ ರಾತ್ರಿ ನಮಗೆ ರವೀಂದ್ರನಾಥ ಠಾಕೂರರ ಕಾಬೂಲಿವಾಲನ ನೆನಪಾಯಿತು. ರಹಮತನೂ ಸಿಟ್ಟಿನಲ್ಲಿ ಚೂರಿ ಹಾಕಿ ಸೆರೆಗೆ ಹೋದವನು, ಮಗಳ ಅಂಗೈ ಗುರುತಿನ ಕಾಗದವನ್ನು ಎದೆಯಲ್ಲಿಟ್ಟುಕೊಂಡವನು. ಆದರೆ ಅವನ ಮಗಳು ದೂರದ ಸ್ವಂತ ನಾಡಿನಲ್ಲಿದ್ದಳು, ವೈರಿಯ ಮನೆಯ ಅನ್ನ ತಿಂದು ಬೆಳೆದವಳಲ್ಲ.

ಬೆಳಿಗ್ಗೆ ಅವನು ಎರಡು ಕಾಗದಗಳನ್ನೂ ಜೇಬಿಗಿಟ್ಟುಕೊಂಡು, ಬೇಡವೆಂದರೂ ಅಂಚೆಚೀಟಿಯ ದುಡ್ಡು ಎಣಿಸಿಕೊಟ್ಟು ಹೋದನು. ತಿಂಗಳುಗಟ್ಟಲೆ ನಾವು ಪತ್ರಿಕೆಯಲ್ಲಿ ಸೊಲ್ಲಾಪುರ ಜಿಲ್ಲೆಯ ಸುದ್ದಿಯನ್ನು ಹೆದರುತ್ತ ಓದಿದೆವು. ಅಮಾವಾಸ್ಯೆಗಳು ಕಳೆದವು. ಕೊನೆಗೊಮ್ಮೆ ಆ ಹುಡುಗಿಯಿಂದ 50 ಪೈಸೆಯ ಕಾರ್ಡು ಬಂದಿತು: ಅಪ್ಪ ಸೊಲ್ಲಾಪುರದಲ್ಲಿ ಬಡಗಿ ಕೆಲಸಕ್ಕೆ ಸೇರಿದ್ದಾನೆ, ಊರಿಗೆ ಬರಲೊಲ್ಲ, ತಾನೇ ಹೋಗಿ ನೋಡಿ ಬರುತ್ತಾಳೆ.

2024ರಲ್ಲಿ ಅವನು ಮತ್ತೆ ಬಂದನು. ನಮ್ಮ ಮಗುವಿಗೊಂದು ಸಾಗುವಾನಿಯ ಮಣೆ, ನಮಗೊಂದು ಮಗಳ ಮದುವೆಯ ಕರೆಯೋಲೆ. ಕರೆಯೋಲೆಯನ್ನು ನಮ್ಮ ಕೈಗಿತ್ತು, "ಮೊದಲ ಯಾರ ಹೆಸರು ಹಾಕ್ಯಾರ, ಓದ್ರಿ" ಎಂದನು. ಮೊದಲು ಅಣ್ಣನ ಹೆಸರಿತ್ತು, ಕೆಳಗೆ ಇವನದು. ಇದ್ದಂತೆಯೇ ಓದಿದೆವು. ಅವನು ತಲೆಯಾಡಿಸಿದನು.

"ಆ ಇನ್ನೊಂದು ಕಾಗದ ಏನಾಯಿತು?" ಎಂದು ಕೇಳಿಯೇಬಿಟ್ಟೆವು.

"ಐತ್ರಿ" ಎಂದು ಅಂಗಿಯ ಜೇಬು ಮುಟ್ಟಿಕೊಂಡನು. ಆಮೇಲೆ ಸೊಲ್ಲಾಪುರದ ಗಾಡಿ ಎಷ್ಟಕ್ಕೆ ಎಂದು ವಿಚಾರಿಸಿದನು.