ಒಳಗಿನ ಅಗುಳಿ

ಕಂಪ್ಯೂಟರ್ ವಿಷಯದಲ್ಲಿ ನಿಮಗೆ ಪಾಠ ಹೇಳುವಷ್ಟು ಪಂಡಿತೆ ನಾನಲ್ಲ. ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮುಗಿಸಿ, 1993ರಲ್ಲಿ ಮದುವೆಯಾಗಿ ಅಡ್ಯಾರಿಗೆ ಬಂದವಳು. ಅಡುಗೆ, ಮನೆ, ಮಗಳು, ಸಂಜೆ ಬೆಸೆಂಟ್ ನಗರದ ಕಡಲ ತೀರದಲ್ಲಿ ಒಂದು ಸುತ್ತು, ಇಷ್ಟೇ ನನ್ನ ಲೋಕ. ಆದರೂ ಕಂಪ್ಯೂಟರಿಗೆ ಚಿಲಕ ಹಾಕುವ ವಿಷಯದಲ್ಲಿ ನಾನು ಕಲಿತದ್ದನ್ನು ಇಲ್ಲೇ ಹುಟ್ಟಿ ಬೆಳೆದ ನಿಮ್ಮಂಥ ಮಕ್ಕಳಿಗೆ ಹೇಳಬೇಕೆನಿಸಿದೆ. ಅದರಲ್ಲಿ ನನ್ನದೇ ಒಂದು ತಪ್ಪೂ ಇದೆ. ಅದರಿಂದಲೇ ಶುರು ಮಾಡುತ್ತೇನೆ.

2015ರ ಮಾತು. ಆಗ ಮನೆಗೆಲ್ಲ ಒಂದೇ ಕಂಪ್ಯೂಟರ್, ಹಾಲಿನಲ್ಲಿ ಟಿ.ವಿ. ಪಕ್ಕದ ಮೇಜಿನ ಮೇಲೆ. ಪಾಸ್‌ವರ್ಡ್ ಇರಲಿಲ್ಲ. ಗುಂಡಿ ಒತ್ತಿದವರಿಗೆಲ್ಲ ತೆರೆದ ಬಾಗಿಲು! ಮಗಳು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಳು. ಒಂದು ಮಧ್ಯಾಹ್ನ ಮೈಸೂರಿಗೆ ರೈಲು ಟಿಕೆಟ್ ನೋಡೋಣವೆಂದು ಕೂತೆ. ಅವಳು ತನ್ನ ಮೇಲ್ ಮುಚ್ಚದೆ ಹೋಗಿದ್ದಳು. ಗೆಳತಿಗೆ ಬರೆದ ಪತ್ರ ಎದುರಿಗೇ ಇತ್ತು. ಸುಮ್ಮನೆ ಕಣ್ಣು ಹಾಯಿತು ಎಂದರೆ ಸುಳ್ಳಾದೀತು. ಮೊದಲಿನಿಂದ ಕೊನೆಯವರೆಗೆ ಓದಿದೆ. ಈ ಓದು ತನಗೆ ಒಗ್ಗುತ್ತಿಲ್ಲ, ರಾತ್ರಿ ಅಳು ಬರುತ್ತದೆ, ಅಮ್ಮನಿಗೆ ಹೇಳಲು ಭಯ ಎಂದೆಲ್ಲ ಬರೆದಿದ್ದಳು.

ರಾತ್ರಿ ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿಯೇ ಬಿಟ್ಟೆ. ಅವಳ ಕೈಯಲ್ಲಿದ್ದ ತುತ್ತು ತಟ್ಟೆಗೇ ಇಳಿಯಿತು. "ನೀನು ಓದಿದ್ಯಾ ಅಮ್ಮ?" ಎಂದಷ್ಟೇ ಕೇಳಿ ಎದ್ದು ಹೋದಳು. ಮರುದಿನ ಕಂಪ್ಯೂಟರಿಗೆ ಪಾಸ್‌ವರ್ಡ್ ಬಿದ್ದಿತ್ತು. ನನಗೆ ಸಿಟ್ಟು ಬಂತು. "ಹೆತ್ತ ತಾಯಿಗೂ ಬೀಗವೇ?" ಎಂದು ಮನೆಯವರ ಹತ್ತಿರ ಗೋಳಾಡಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ನಿನಗೆ ಆ ಇನ್‌ಲ್ಯಾಂಡ್ ಲೆಟರ್ ನೆನಪಿದೆಯಾ?" ಎಂದರು.

ನೆನಪಿತ್ತು. ನಿಮ್ಮಲ್ಲಿ ಎಷ್ಟು ಮಂದಿ ಇನ್‌ಲ್ಯಾಂಡ್ ಲೆಟರ್ ನೋಡಿದ್ದೀರೋ ಕಾಣೆ. ನೀಲಿ ಬಣ್ಣದ ಒಂದೇ ಹಾಳೆ, ಮಡಿಸಿ ಅಂಟಿಸಿದರೆ ಅದೇ ಲಕೋಟೆ. ನಾನು ಹೊಸದಾಗಿ ಈ ಮನೆಗೆ ಬಂದಾಗ ಅಂಚೆಯವನು ತಂದ ಕಾಗದಗಳನ್ನೆಲ್ಲ ನಮ್ಮ ಮಾವನವರೇ ಒಡೆಯುತ್ತಿದ್ದರು. ಅವರು ಕೆಟ್ಟವರಲ್ಲ. ಮನೆಗೆ ಬಂದ ಕಾಗದ ಮನೆಯ ಯಜಮಾನನಿಗೆ ಬಂದಂತೆ, ಅದು ಅಂದಿನ ಪದ್ಧತಿ. ನನ್ನ ಕಾಲೇಜಿನ ಗೆಳತಿಯೊಬ್ಬಳು ತನ್ನ ಗಂಡನ ಮನೆಯ ಕಷ್ಟವನ್ನು ನನಗೆ ಬರೆದಿದ್ದಳು. ಮಾವನವರು ಅದನ್ನು ಕಾಫಿಯ ಹೊತ್ತಿನಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದರು. "ಪಾಪ, ಹುಡುಗಿಗೆ ತಾಳ್ಮೆ ಕಡಿಮೆ" ಎಂದು ತೀರ್ಪನ್ನೂ ಕೊಟ್ಟರು. ನಾನು ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅವಳಿಗೆ ಉತ್ತರ ಬರೆದೆನಾದರೂ ಅದರಲ್ಲಿದ್ದದ್ದು "ಇಲ್ಲಿ ಎಲ್ಲರೂ ಕ್ಷೇಮ" ಎಂಬುದಷ್ಟೇ. ನನ್ನ ಉತ್ತರವೂ ಅವಳ ಮನೆಯಲ್ಲಿ ಯಾರ ಕೈಗೆ ಹೋಗುತ್ತದೋ! ಕ್ರಮೇಣ ಅವಳ ಕಾಗದ ನಿಂತೇ ಹೋಯಿತು. ಅವಳಿಗೆ ನಾನು ಬೇಕಾಗಿದ್ದ ಹೊತ್ತಿನಲ್ಲಿ ಒದಗಲಿಲ್ಲವಲ್ಲ ಎಂಬ ಕೊರಗು ಇಂದಿಗೂ ಇದೆ.

ನನಗೆ ಆದದ್ದನ್ನೇ ನಾನು ಮಗಳಿಗೆ ಮಾಡಿದ್ದೆ. ಒಂದು ವಾರ ಬೇಕಾಯಿತು, ಅವಳ ಕೋಣೆಯ ಬಾಗಿಲು ತಟ್ಟಿ "ತಪ್ಪಾಯ್ತು ಪುಟ್ಟಿ" ಎನ್ನುವುದಕ್ಕೆ. ಅವಳು ಏನೂ ಹೇಳದೆ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದಳು. ನನ್ನ ಹೆಸರಿನಲ್ಲಿ ಬೇರೆ ಅಕೌಂಟ್ ಮಾಡಿದಳು. "ಇದು ನಿಂದು ಅಮ್ಮ. ಪಾಸ್‌ವರ್ಡ್ ನೀನೇ ಹಾಕು. ನನಗೂ ಹೇಳ್ಬೇಡ" ಎಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ನಲವತ್ತೈದು ವರ್ಷದ ಹೆಂಗಸಿಗೆ, ತನ್ನೊಬ್ಬಳ ಕೈಯಲ್ಲೇ ಕೀಲಿ ಇರುವ ಜಾಗವೊಂದು ಮೊದಲ ಬಾರಿಗೆ ಸಿಕ್ಕಿತು. ಎರಡು ತಿಂಗಳ ಮೇಲೆ ಅವಳು ತಾನಾಗಿಯೇ ಬಂದು ಓದಿನ ಕಷ್ಟವನ್ನೆಲ್ಲ ಹೇಳಿಕೊಂಡಳು. ಬಾಗಿಲಿಗೆ ಚಿಲಕವಿದ್ದರೆ ತಾನೇ ಒಳಗಿನವರು ತಾವಾಗಿ ತೆರೆಯುವುದು!

ನೀವು 'ತಾಳ್ಪಾಳ್' ಎಂದರೆ ತಟ್ಟನೆ ತಿಳಿಯುತ್ತೀರಿ. ನಮ್ಮ ಕಡೆ ಅದಕ್ಕೆ ಅಗುಳಿ, ಚಿಲಕ ಎನ್ನುತ್ತೇವೆ. ಬಚ್ಚಲಿಗೆ ಹೋದಾಗ ಚಿಲಕ ಹಾಕಿಕೊಳ್ಳುತ್ತೇವೆ. ಒಳಗೆ ಸ್ನಾನ ನಡೆದಿದೆಯೆಂದು ಊರಿಗೆಲ್ಲ ಗೊತ್ತು, ಅದೇನೂ ಗುಟ್ಟಲ್ಲ. ಆದರೂ ಚಿಲಕ ಬೇಕು. ಗುಟ್ಟು ಬೇರೆ, ಖಾಸಗಿ ಬೇರೆ. "ಮುಚ್ಚಿಡುವುದಕ್ಕೆ ನನ್ನಲ್ಲೇನಿದೆ?" ಎನ್ನುವವರು ಈ ಎರಡನ್ನೂ ಒಂದೇ ಎಂದುಕೊಂಡಿರುತ್ತಾರೆ.

ಈ ಮಾತನ್ನು ದೇಶಕ್ಕೆಲ್ಲ ಹೇಳಿಸಿದವರು ನಮ್ಮ ಕನ್ನಡ ನಾಡಿನವರೇ ಎಂಬುದು ನಿಮಗೆ ಗೊತ್ತಿರಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವು ಸಂವಿಧಾನದ 21ನೇ ವಿಧಿಯೊಳಗೆ ಅಡಕವಾದ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಆ ತೀರ್ಪು ಇಂದಿಗೂ ಅವರ ಹೆಸರಿನಲ್ಲೇ ಇದೆ. ಆದರೆ ನ್ಯಾಯಾಲಯ ನಮ್ಮ ಮನೆಯ ಹಾಲಿಗೆ ಬಂದು ಕಾವಲು ಕೂರುವುದಿಲ್ಲ. ಅಲ್ಲಿ ಚಿಲಕ ಹಾಕುವವರೂ, ಬಾಗಿಲು ತಟ್ಟಿ ಒಳಗೆ ಹೋಗಬೇಕಾದವರೂ ನಾವೇ.

ಹೊರಗಿನ ಕಳ್ಳರ ವಿಷಯವನ್ನೂ ಹೇಳಬೇಕು. 2022ರಲ್ಲಿ ಮಗಳು ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ, ಒಂದು ಬೆಳಿಗ್ಗೆ ಫೋನ್ ಬಂತು. ಸೊಗಸಾದ ಇಂಗ್ಲಿಷ್. "ಮೇಡಂ, ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈಗಲೇ ಸರಿಪಡಿಸದಿದ್ದರೆ ಬ್ಯಾಂಕಿನ ಹಣ ಹೋಗುತ್ತದೆ" ಎಂದ. ಬಿ.ಎ. ಓದಿದ ನನಗೆ ಅವನ ಇಂಗ್ಲಿಷೇ ನಂಬಿಕೆ ತಂದಿತು! ಅವನು ಹೇಳಿದ ಪ್ರೋಗ್ರಾಂ ಇಳಿಸಿಕೊಂಡು ಒತ್ತಿದೆ. ಕಂಪ್ಯೂಟರ್ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳಿತು. ಮಗಳು ನನ್ನ ದಿನಬಳಕೆಗೆ 'ಸ್ಟ್ಯಾಂಡರ್ಡ್' ಅಕೌಂಟ್ ಮಾತ್ರ ಇಟ್ಟಿದ್ದಳು. ಹೊಸ ಪ್ರೋಗ್ರಾಂ ಹಾಕುವ ಅಧಿಕಾರವಿರುವ ಅಕೌಂಟ್ ಬೇರೆ. ಅದರ ಪಾಸ್‌ವರ್ಡನ್ನು ನಾನೇ ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಬೀರುವಿನವರೆಗೆ ನಡೆಯುವ ಆ ಹತ್ತು ಹೆಜ್ಜೆಯಲ್ಲಿ ಬುದ್ಧಿ ಬಂತು. ನನ್ನ ಕಂಪ್ಯೂಟರಿಗೆ ಕಾಯಿಲೆಯೆಂದು ಇವನಿಗೆ ಹೇಳಿದವರು ಯಾರು? ಫೋನ್ ಇಡಬೇಡಿ ಎಂದು ಇಷ್ಟೇಕೆ ಅವಸರ ಮಾಡುತ್ತಾನೆ? ಫೋನ್ ಇಟ್ಟುಬಿಟ್ಟೆ. ಅಂಥ ಪ್ರೋಗ್ರಾಂ ಹಾಕಿದ್ದರೆ ದೂರದಲ್ಲಿ ಕೂತ ಅವನಿಗೆ ನನ್ನ ಪರದೆಯೆಲ್ಲ ಕಾಣುತ್ತಿತ್ತು, ನನ್ನ ಮೌಸೂ ಅವನ ಕೈಗೆ ಹೋಗುತ್ತಿತ್ತು ಎಂದು ಆಮೇಲೆ ಮಗಳು ತಿಳಿಸಿದಳು. ಕೆಲವು ಪ್ರೋಗ್ರಾಂಗಳು ಪಾಸ್‌ವರ್ಡ್ ಕೇಳದೆಯೂ ಓಡುತ್ತವಂತೆ. ಆದ್ದರಿಂದ ಚಿಲಕವೊಂದನ್ನೇ ನಂಬಿ ಕೂರುವಂತಿಲ್ಲ. ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಪಾಲಿಗೆ ನಿಜವಾಗದಿರಲಿ.

ನಿಮ್ಮಲ್ಲಿ ಅನೇಕರು ಅಪ್ಪ ಅಮ್ಮಂದಿರ ಕಂಪ್ಯೂಟರನ್ನು ಐದು ನಿಮಿಷದಲ್ಲಿ ಸರಿಮಾಡಿ, "ಆಯ್ತು ಬಿಡಮ್ಮ" ಎಂದು ಎದ್ದು ಹೋಗುತ್ತೀರಿ. ದಯವಿಟ್ಟು ಅರ್ಧ ಗಂಟೆ ಕೂತುಕೊಳ್ಳಿ. ಮನೆಯಲ್ಲಿ ಎಷ್ಟು ಜನವೋ ಅಷ್ಟು ಅಕೌಂಟ್ ಮಾಡಿ. ದಿನಬಳಕೆಗೆ ಸ್ಟ್ಯಾಂಡರ್ಡ್ ಅಕೌಂಟ್ ಇರಲಿ. ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೆಸಿ ಅಂಡ್ ಸೆಕ್ಯುರಿಟಿ' ತೆರೆದು ಕ್ಯಾಮೆರಾ, ಮೈಕ್ರೊಫೋನ್, ಲೊಕೇಶನ್ ಯಾವ ಯಾವ ಆ್ಯಪ್‌ಗೆ ಕೊಟ್ಟಿದೆ ಎಂದು ಅವರ ಜೊತೆಯಲ್ಲೇ ನೋಡಿ. ಹವಾಮಾನ ಹೇಳುವವನಿಗೆ ಊರು ಗೊತ್ತಿದ್ದರೆ ಸಾಕು, ಕ್ಯಾಮೆರಾ ಯಾಕೆ ಎಂದು ಅವರೇ ಕೇಳುವ ಹಾಗಾಗಲಿ. ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳು, ಬೀಗವಿಲ್ಲದ ಕಂಪ್ಯೂಟರಿನಲ್ಲಿ, ಮೇಜಿನ ಮೇಲೆ ಬಿಟ್ಟ ಕೀಲಿಗೊಂಚಲಿದ್ದಂತೆ ಎಂದು ತಿಳಿಸಿ. ಮೇಲ್‌ಗೆ ಎರಡು ಹಂತದ ಪರಿಶೀಲನೆ ಹಾಕಿ. ಹಳೆಯ ವಿಂಡೋಸ್ 10 ಇದ್ದರೆ, ಅದಕ್ಕೆ ಮಾಮೂಲು ರಕ್ಷಣೆಯ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆಯೆಂದು ನೆನಪಿಸಿ. ಇದೆಲ್ಲ ನಿಮಗೆ ಲೀಲಾಜಾಲ. ಆದರೆ ಗುಂಡಿ ಒತ್ತುವ ಕೈ ನಿಮ್ಮದಾಗದೆ ಅವರದೇ ಆಗಲಿ. ನೀವು ಹಾಕಿಕೊಟ್ಟ ಬೀಗದ ಕೀಲಿ ನಿಮ್ಮ ಜೇಬಿನಲ್ಲೇ ಉಳಿದರೆ ಆ ಕಾಲದ ಯಜಮಾನಿಕೆಗೂ ಇದಕ್ಕೂ ಏನು ವ್ಯತ್ಯಾಸ?

ಈಗ ನಾನು ಒಲೆಯ ಮೇಲಿನ ಹಾಲು ನೋಡಲು ಎದ್ದರೂ ವಿಂಡೋಸ್ ಕೀಲಿ ಮತ್ತು 'ಎಲ್' ಒಟ್ಟಿಗೆ ಒತ್ತಿಯೇ ಏಳುತ್ತೇನೆ. ಪರದೆಗೆ ಬೀಗ ಬೀಳುತ್ತದೆ. ರಜಕ್ಕೆ ಬಂದ ಮಗಳು ನೋಡಿ, "ಅಂಥದ್ದೇನಿದೆ ಅಮ್ಮ ಅದರಲ್ಲಿ?" ಎಂದು ನಗುತ್ತಾಳೆ. ಮೂರು ವರ್ಷದ ಕೆಳಗೆ ಆ ಹಳೆಯ ಗೆಳತಿಯ ವಿಳಾಸ ಸಿಕ್ಕಿತು. ವಾರಕ್ಕೊಮ್ಮೆ ಇಬ್ಬರೂ ಉದ್ದುದ್ದ ಮೇಲ್ ಬರೆಯುತ್ತೇವೆ. "ಎಲ್ಲರೂ ಕ್ಷೇಮ" ಎಂಬಲ್ಲಿಗೆ ಈಗ ನಮ್ಮ ಪತ್ರ ನಿಲ್ಲುವುದಿಲ್ಲ.

ಮುಂದಿನ ಸಲ ಮನೆಗೆ ಹೋದಾಗ ಅಮ್ಮನಿಗೊಂದು ಅಕೌಂಟ್ ಮಾಡಿಕೊಡಿ. ಅವರು ಪಾಸ್‌ವರ್ಡ್ ಹಾಕುವಾಗ ನೀವೂ ಸ್ವಲ್ಪ ಕಿಟಕಿಯ ಕಡೆ ತಿರುಗಿ.